ನಮ್ಮನಿಯವರು ಎಂಬ ಗಿರಾಕಿ

ಶನಿವಾರ ಬೆಳಿಗ್ಗೆ ಹುಬ್ಬಳ್ಳಿಯ ಅತಿ ದೊಡ್ಡ ಗಿರಾಕಿಯ ಹೆಸರು ‘ನಮ್ಮನಿಯವರು’ ಎಂದಾಗಿತ್ತು.

ಸಂಸಾರ ಗೃಹಯಂತ್ರ ಕಂಪನಿಯ ನಿಯಂತ್ರಣ ಕೊಠಡಿಯ ಗೋಡೆಪರದೆಯಲ್ಲಿ ಆ ಹೆಸರು ಎಲ್ಲರಿಗಿಂತ ಮೇಲೆ ಹೋಗಿ ಕೂತಿತ್ತು. ಈ ಒಬ್ಬ ಮನುಷ್ಯನ ಹತ್ತಿರ ಮೂರು ಸಾವಿರದಷ್ಟು ರೊಟ್ಟಿ ಯಂತ್ರಗಳಿದ್ದವು. ಫ್ರಿಜ್ಜುಗಳು ಅದಕ್ಕಿಂತ ತುಸು ಹೆಚ್ಚು. ಆತನಿಗೆ ಖಾರ ಆಗುವುದಿಲ್ಲ, ಖಾರವಿಲ್ಲದೆ ಊಟವೂ ಸೇರುವುದಿಲ್ಲ. ಕೆಂಪು ಬಣ್ಣದ ಮಿಕ್ಸರ್ ಕಂಡರೆ ಸಿಟ್ಟು, ಕೆಂಪು ಬಿಟ್ಟು ಬೇರೆ ಬಣ್ಣ ಬೇಡ. ಸಪ್ಪಳ ಸಹಿಸುವುದಿಲ್ಲ. ಕಿವಿ ಸರಿಯಾಗಿ ಕೇಳುವುದಿಲ್ಲ.

ಸುವರ್ಣಾ ಹೂಗಾರ ಪರದೆಯನ್ನು ನೋಡಿ ಕುರ್ಚಿಗೆ ಒರಗಿದಳು. ಗಿರಾಕಿಗಳ ದಾಖಲೆಯಲ್ಲಿ ಒಬ್ಬನೇ ಎರಡು ಮೂರು ಸಲ ನುಸುಳಿದ್ದರೆ ಹುಡುಕಿ ಒಂದು ಮಾಡಿಸುವುದು ಅವಳ ಕೆಲಸ. ವಿಭಾಗದ ಮುಖ್ಯಸ್ಥ ಸುಧನ್ವ ಮೈಸೂರಿನವನು. ಹುಬ್ಬಳ್ಳಿಗೆ ಬಂದು ಇನ್ನೂ ಒಂದು ಬೇಸಿಗೆ ಕಳೆದಿರಲಿಲ್ಲ.

“ಸರ, ಇದು ಗಿರಾಕಿ ಅಲ್ರಿ,” ಎಂದಳು.

“ಯಾಕ್ರೀ? ಮನೆಯವರ್ ಅಂತ ಅಡ್ಡಹೆಸರಿರೋ ಯಾರೋ ದೊಡ್ಡ ವ್ಯಾಪಾರಿ ಇರಬಹುದು. ನಿಮ್ಮ ಕಡೆ ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತೆಲ್ಲ ಇರುತ್ತಲ್ಲ.”

“ಉಳ್ಳಾಗಡ್ಡಿ ಅಡ್ಡಹೆಸರು ಖರೆ. ನಮ್ಮನಿಯವರು ಅಂದ್ರ ಗಂಡ.”

“ಯಾರ ಗಂಡ?”

“ಎಲ್ಲಾರ ಗಂಡ.”

ಸುಧನ್ವ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ. ಪರದೆ ಬದಲಾಗಲಿಲ್ಲ.

ಸಂಸಾರ ಕಂಪನಿ ಯಂತ್ರವನ್ನು ಮಾರಿದ ಮೇಲೂ ಅದರ ಬೀಗವನ್ನು ತನ್ನ ಹತ್ತಿರವೇ ಇಟ್ಟುಕೊಳ್ಳುತ್ತಿತ್ತು. ಆ ಕಾಲಕ್ಕೆ ಎಲ್ಲ ಕಂಪನಿಗಳೂ ಹಾಗೆಯೇ. ಬ್ಲೇಡು ಯಾವಾಗ ಬದಲಿಸಬೇಕು, ರಿಪೇರಿಯವನು ಯಾವ ದಿನ ಬರಬೇಕು, ಹೊಸ ಮಾದರಿ ಬೇಕೋ ಬೇಡವೋ ಎಂದು ಪ್ರತಿ ಸಲ ಗಿರಾಕಿಯನ್ನು ಕೇಳುವುದು ತ್ರಾಸಿನ ಕೆಲಸ. ಅದಕ್ಕೆಂದು ಪ್ರತಿ ದಾಖಲೆಗೂ ಒಂದು ‘ನೆರಳು’ ಇತ್ತು. ಅಂಗಡಿಯಲ್ಲಿ ಗಿರಾಕಿ ಆಡಿದ ಮಾತು, ಕೊಂಡ ವಸ್ತು, ಮಾಡಿದ ತಕರಾರು ಎಲ್ಲವನ್ನೂ ಕಲಿತು ಅವನ ಪರವಾಗಿ ಉತ್ತರ ಕೊಡುವ ತಂತ್ರಾಂಶ ಅದು. ಜನ ಮೊದಮೊದಲು ಬೈದರು, ಆಮೇಲೆ ಒಗ್ಗಿಕೊಂಡರು. ತೊಂದರೆ ಬರುತ್ತಿದ್ದದ್ದು ಒಬ್ಬನಿಗೆ ಎರಡು ದಾಖಲೆ ಇದ್ದಾಗ. ವಿ. ಜಿ. ಕುಂದಗೋಳ ಎಂಬವನ ನೆರಳು ರಿಪೇರಿಯವನನ್ನು ಕರೆಯುತ್ತಿತ್ತು, ವೀರೇಶ ಕುಂದಗೋಳನ ನೆರಳು ಬೇಡವೆನ್ನುತ್ತಿತ್ತು. ಇಬ್ಬರೂ ಒಬ್ಬನೇ. ರಿಪೇರಿಯವನು ಬಾಗಿಲ ತನಕ ಬಂದು ಬೈಸಿಕೊಂಡು ಹೋಗುತ್ತಿದ್ದ.

ಇಂಥ ಜೋಡಿಗಳನ್ನು ಹಿಡಿಯಲು ‘ಜರಡಿ’ ಎಂಬ ಯಂತ್ರ ತಂದಿದ್ದರು. ಹೆಸರು ಮತ್ತು ಮಾತಿನ ಧಾಟಿ ಎರಡೂ ಹೊಂದಿದರೆ ಜರಡಿ ದಾಖಲೆಗಳನ್ನು ಕೂಡಿಸುತ್ತಿತ್ತು, ಹಳೆಯ ನೆರಳುಗಳನ್ನು ಅಳಿಸುತ್ತಿತ್ತು. ಶುಕ್ರವಾರ ಮೊದಲ ಬಾರಿಗೆ ಅದನ್ನು ಪೂರ್ತಿ ಹುಬ್ಬಳ್ಳಿಯ ಮೇಲೆ ಓಡಿಸಿದ್ದರು.

ತಪ್ಪು ಜರಡಿಯದಲ್ಲ, ಅದಕ್ಕಿಂತ ಹಿಂದಿನದು. ಅಂಗಡಿಯ ಗಲ್ಲಾದ ಮೇಲಿನ ಕೇಳುಪೆಟ್ಟಿಗೆ ಬೆಂಗಳೂರಿನಲ್ಲಿ ಕನ್ನಡ ಕಲಿತದ್ದು. ‘ಯಾರ ಹೆಸರಿಗೆ ಬರೆಯಲಿ?’ ಎಂದು ಅದು ಕೇಳುತ್ತಿತ್ತು. ‘ನಮ್ಮನಿಯವರ ಹೆಸರಿಗೇ ಬರಕೋರಿ’ ಎಂದು ಹೆಂಗಸರು ಹೇಳುತ್ತಿದ್ದರು. ಅದು ಹಾಗೆಯೇ ಬರೆದುಕೊಳ್ಳುತ್ತಿತ್ತು.

ಸುವರ್ಣಾಳ ಫೋನ್ ರಿಂಗಾಯಿತು. ಅತ್ತೆ ಗುರುಸಿದ್ಧವ್ವ.

“ಏನವಾ, ನಿಮ್ಮ ಕಂಪನಿಗೆ ಏನ ಬ್ಯಾನಿ ಬಂದೈತಿ? ಯಂತ್ರ ಬಾಯಿ ತಗೀವಲ್ದು. ಮಿತಿ ಮೀರೈತಿ ಅಂತೈತಿ. ನಾ ಇನ್ನ ಒಂದ ರೊಟ್ಟಿ ಸೈತ ಮಾಡಿಲ್ಲ, ಏನ ಮಿತಿ ಮೀರೂದು?”

ಸುವರ್ಣಾ ಪರದೆಯನ್ನು ಮತ್ತೊಮ್ಮೆ ನೋಡಿದಳು. ಒಬ್ಬ ಗಿರಾಕಿಗೆ ಎರಡು ರೊಟ್ಟಿ ಯಂತ್ರ ಮಾತ್ರ. ಹೆಚ್ಚಿದ್ದರೆ ಕಳ್ಳ ಮರುಮಾರಾಟ ಎಂದು ಲೆಕ್ಕ. ಕಂಪನಿಯ ನಿಯಮ ಮೂರು ಸಾವಿರ ಮನೆಗಳ ರೊಟ್ಟಿ ಯಂತ್ರಕ್ಕೆ ಒಟ್ಟಿಗೆ ಬೀಗ ಹಾಕಿತ್ತು. ಅದರಲ್ಲಿ ಅವಳ ಮನೆಯದೂ ಒಂದು.

“ಸೋಮವಾರ ಹಾಸ್ಟೆಲ್‌ಗೆ ರೊಟ್ಟಿ ಹೋಗಬೇಕು, ನೆನಪೈತಿಲ್ಲೋ?” ಎಂದಳು ಗುರುಸಿದ್ಧವ್ವ.

ನೆನಪಿತ್ತು. ನರ್ಸಿಂಗ್ ವಿದ್ಯಾರ್ಥಿನಿಯರ ಹಾಸ್ಟೆಲ್ಲಿಗೆ ರೊಟ್ಟಿ ಕೊಡುವ ಕೆಲಸಕ್ಕಾಗಿ ಗುರುಸಿದ್ಧವ್ವ ಹೋದ ವರ್ಷದಿಂದ ಅಲೆದಿದ್ದಳು. ಈಗ ಸಿಕ್ಕಿತ್ತು. ಮೊದಲ ದಿನವೇ ತಪ್ಪಿದರೆ ಕೇಶ್ವಾಪುರದವರಿಗೆ ಕೊಡುತ್ತೇನೆ ಎಂದು ವಾರ್ಡನ್ ಮುಖಕ್ಕೇ ಹೇಳಿದ್ದಳು. ಕೈಯಲ್ಲಿ ಬಡಿದು ಅಷ್ಟು ರೊಟ್ಟಿ ಮಾಡುವ ಭುಜ ಗುರುಸಿದ್ಧವ್ವನಿಗೆ ಉಳಿದಿರಲಿಲ್ಲ. ಯಂತ್ರ ನಡೆಯದಿದ್ದರೆ ಹಾಸ್ಟೆಲ್ ಹೋದಂತೆಯೇ.

“ನೋಡ್ತೇನ್ರಿ ಅತ್ತಿ,” ಎಂದು ಫೋನಿಟ್ಟಳು.

ಬಿಡಿಸುವುದು ಸುಲಭವಿರಲಿಲ್ಲ. ಹಿಂದೆ ಯಾವುದೋ ಕಂಪನಿಯ ಸಿಬ್ಬಂದಿ ಗಿರಾಕಿಗಳ ದಾಖಲೆ ತಿದ್ದಿ ಸಿಕ್ಕಿಬಿದ್ದ ಮೇಲೆ ಕಾನೂನು ಬಂದಿತ್ತು: ದಾಖಲೆಗೆ ಸಿಬ್ಬಂದಿಯ ಕೈ ತಾಗುವಂತಿಲ್ಲ. ಬಿಡಿಸಬೇಕಾದರೆ ಗಿರಾಕಿಯ ನೆರಳು ಒಪ್ಪಬೇಕು.

“ನೆರಳನ್ನೇ ಕೇಳಿ ನೋಡೋಣ,” ಎಂದ ಸುಧನ್ವ. ಮೈಕಿನ ಮುಂದೆ ತಾನೇ ಕೂತ.

“ನಮಸ್ಕಾರ. ತಾವು ಯಾರು?”

“ನಾ ನಮ್ಮನಿಯವರು,” ಎಂದಿತು ನೆರಳು. ದನಿ ಗಂಡಸಿನದು, ಆಡುವ ರೀತಿ ಹೆಂಗಸಿನದು.

“ನಿಮ್ಮ ಹೆಸರು?”

“ಹೆಸರು ಹೇಳಬಾರದು.”

“ಇರಲಿ. ಮನೆ ಎಲ್ಲಿ?”

“ಹಳೇ ಹುಬ್ಬಳ್ಳಿ, ಉಣಕಲ್, ಗೋಪನಕೊಪ್ಪ, ನವನಗರ, ಗಣೇಶಪೇಟೆ, ಮತ್ತ ಹಳೇ ಹುಬ್ಬಳ್ಳಿ, ಮತ್ತ ಉಣಕಲ್...”

“ಸಾಕು ಸಾಕು. ನಿಮ್ಮ ದಾಖಲೆಯನ್ನ ಬೇರೆ ಬೇರೆ ಮಾಡಬೇಕಾಗಿದೆ. ನಿಮ್ಮ ಒಪ್ಪಿಗೆ ಇದೆಯಾ?”

“ನಮ್ಮನಿಯವ್ರನ್ನ ಕೇಳಿ ಹೇಳ್ತೇನಿ.”

“ನಮ್ಮನೆಯವರು ಅಂದ್ರೆ ನೀವೇ ಅಲ್ವಾ?”

“ಹೌದ್ರಿ.”

“ಹಾಗಾದ್ರೆ ಕೇಳಿ.”

ಪಕ್ಕದ ಕೋಣೆಯಲ್ಲಿ ಗಣಕಗಳ ಫ್ಯಾನುಗಳು ಜೋರಾಗಿ ತಿರುಗತೊಡಗಿದವು.

“ಕೇಳಿದೆ,” ಎಂದಿತು ನೆರಳು.

“ಏನಂದ್ರು?”

“ಕೇಳಿ ಹೇಳ್ತೇನಿ ಅಂದ್ರು.”

ಸುಧನ್ವ ಮೈಕ್ ಆರಿಸಿದ. ಸುವರ್ಣಾ ತುಟಿ ಕಚ್ಚಿ ನಗು ತಡೆದುಕೊಂಡಳು.

“ಏನ್ರೀ ಇದು? ಎಲ್ಲದಕ್ಕೂ ಕೇಳಿ ಹೇಳ್ತೀನಿ ಅಂದ್ರೆ?”

“ಸರ, ಅಂಗಡಿಯಾಗ ಮಾರಾವ್ರು ಗಂಟು ಬಿದ್ದಾಗ ಹೆಣ್ಮಕ್ಕಳು ಆಡೂ ಮಾತ ಅದು. ಬ್ಯಾಡ ಅಂದ್ರ ಅವ್ರು ಬಿಡಂಗಿಲ್ಲ. ನಮ್ಮನಿಯವ್ರನ್ನ ಕೇಳಿ ಹೇಳ್ತೇನಿ ಅಂದ್ರ ಬಿಡ್ತಾರ. ಮನಿಗೆ ಬಂದು ಯಾರೂ ಕೇಳಂಗಿಲ್ಲ. ನೆರಳು ಕಲತದ್ದು ಅದೊಂದ.”

ಇನ್ನೊಂದು ದಾರಿ ಕಾನೂನಿನ ಪುಸ್ತಕದಲ್ಲಿ ಇತ್ತು. ದಾಖಲೆ ಹುಟ್ಟಿದಾಗ ಕೇಳುಪೆಟ್ಟಿಗೆಯಲ್ಲಿ ಯಾರ ದನಿ ಇತ್ತೋ ಅದೇ ದನಿ ಬಂದು ಸರಿಯಾದ ಹೆಸರು ಹೇಳಬೇಕು. ಆ ಹೆಸರು ಮತದಾರರ ಪಟ್ಟಿಗೆ ಹೊಂದಿದರೆ ಜರಡಿ ಆ ಮನೆಯನ್ನು ಗುಂಪಿನಿಂದ ಹೊರಗೆ ಬಿಡುತ್ತದೆ.

“ಅಷ್ಟೇ ತಾನೆ?” ಸುಧನ್ವನ ಮುಖ ಅರಳಿತು. “ಎಲ್ಲರೂ ಒಂದು ಫೋನ್ ಮಾಡಿ ಗಂಡನ ಹೆಸರು ಹೇಳಿಬಿಟ್ಟರೆ ಆಯ್ತು.”

ಸುವರ್ಣಾ ಅರ್ಧ ದಿನದ ರಜೆ ಬರೆದುಕೊಟ್ಟು ಮನೆಗೆ ಹೊರಟಳು.

ಹಳೇ ಹುಬ್ಬಳ್ಳಿಯ ಮನೆಯಲ್ಲಿ ಮಾವ ಫಕೀರಪ್ಪ ಯಂತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತನಾದವನು. ಯಾವ ಯಂತ್ರ ನಿಂತರೂ ಅವನಿಗೆ ಒಳಗೊಳಗೇ ಖುಷಿ. ಸ್ಕ್ರೂ ಡ್ರೈವರ್ ಆಗಲೇ ಕೈಯಲ್ಲಿತ್ತು.

“ಬಿಚ್ಚಬ್ಯಾಡ್ರಿ ಮಾವಾರ, ಅದು ಕೆಟ್ಟಿಲ್ಲ,” ಎಂದು ಸುವರ್ಣಾ ಸಂಗತಿಯನ್ನು ವಿವರಿಸಿದಳು.

“ಹೆಸರಷ್ಟ ಏನು? ನಾ ಹೇಳ್ತೇನಿ ತಡಿ,” ಎಂದು ಫಕೀರಪ್ಪ ಯಂತ್ರದ ಕಿವಿಗೆ ಬಾಯಿ ಹಚ್ಚಿದ. “ಫಕೀರಪ್ಪ ನಿಂಗಪ್ಪ ಹೂಗಾರ!”

“ಕ್ಷಮಿಸಿ,” ಎಂದಿತು ಯಂತ್ರ. “ನಿಮ್ಮ ದನಿ ನಮ್ಮ ದಾಖಲೆಯಲ್ಲಿ ಇಲ್ಲ.”

“ಮನಿ ನಂದು, ಹೆಸರು ನಂದು, ದನಿ ಇಲ್ಲಂತ!”

“ನಿಮ್ಮ ದನಿ ಮನ್ಯಾಗ ಸೈತ ಯಾರೂ ಕೇಳಂಗಿಲ್ಲ, ಅದೇನ ಕೇಳತೈತಿ,” ಎಂದಳು ಗುರುಸಿದ್ಧವ್ವ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು.

“ನೀವು ಹೇಳಬೇಕ್ರಿ ಅತ್ತಿ. ಯಂತ್ರ ತಂದಾಕಿ ನೀವು. ಬರೇ ಒಂದ ಹೆಸರು.”

“ಬರೇ ಅಂತಿ ಅಲ್ಲ!”

“ಆಯುಷ್ಯ ಕಡಿಮಿ ಆಗತೈತಿ ಅಂತ ಅಂಜಿಕೀ ಏನ್ರಿ?”

“ಆಯುಷ್ಯ ಗೀಯುಷ್ಯ ನನಗ ಗೊತ್ತಿಲ್ಲ. ನಾಲಿಗಿ ಏಳಂಗಿಲ್ಲ. ನಿನಗ ಕಲಿಸಿದ ಹೆಡ್ ಮಾಸ್ತರ್ ಎದುರಿಗೆ ಬಂದಾಗ ಹೆಸರು ಹಿಡದು ಏ ಬಾರಲೇ ಅನ್ನು, ನೋಡೋಣ. ಬರತೈತೇನು?”

ಬರುವುದಿಲ್ಲ ಎಂದು ಸುವರ್ಣಾಳಿಗೂ ಗೊತ್ತಿತ್ತು. ಅವಳು ತನ್ನ ಗಂಡನನ್ನು ಹೆಸರು ಹಿಡಿದೇ ಕರೆಯುತ್ತಾಳೆ. ಆದರೂ ಅತ್ತೆಯ ಎದುರಿಗೆ ‘ಇಲ್ಲಿ ಕೇಳ್ರಿ’ ಎಂದೇ ಬಾಯಿಗೆ ಬರುತ್ತದೆ. ಅವನು ಬಸ್ ಕಂಡಕ್ಟರ್, ಅಂದು ಪುಣೆಯ ಗಾಡಿಯಲ್ಲಿದ್ದ. ಈ ಪಂಚಾಯಿತಿಯಿಂದ ಪಾರಾಗಿದ್ದ.

“ಮತ್ತ ಮದಿವ್ಯಾಗ ಹೆಂಗ ಹೇಳಿದ್ರಿ?” ಎಂದು ಸುಮ್ಮನೆ ಕೇಳಿದಳು.

“ಅದು ಒಡಪು. ಬಾಗಲದಾಗ ನಿಲ್ಲಿಸಿ ಹೇಳು ಅಂತಾರ. ಹೇಳದಿದ್ರ ಒಳಗ ಬಿಡಂಗಿಲ್ಲ. ಒಡಪಿನ್ಯಾಗ ಹಾಕಿ ಹೇಳಿದ್ರ ಹೆಸರು ಹಿಡದಂಗ ಅಲ್ಲ.”

ಸುವರ್ಣಾ ಎದ್ದು ನಿಂತಳು. ಎರಡು ಸಾಲು ಪ್ರಾಸ ಕಟ್ಟಿ ಅದರ ನಡುವೆ ಗಂಡನ ಹೆಸರನ್ನು ತೂರಿಸಿ ಹೇಳುವುದು ಒಡಪು. ಮದುವೆಯಲ್ಲಿ, ಸೀಮಂತದಲ್ಲಿ, ನಾಲ್ಕು ಹೆಂಗಸರು ಸೇರಿ ಒಬ್ಬಳನ್ನು ಕಾಡಬೇಕೆಂದಾಗ ಹೇಳಿಸುತ್ತಾರೆ. ಈ ಊರಿನಲ್ಲಿ ಒಂದೂ ಒಡಪು ಬಾರದ ಹೆಂಗಸು ಇಲ್ಲ.

“ಹಂಗಾದ್ರ ಈಗೂ ಬಾಗಲದಾಗ ನಿಂತೀರಿ ಅನ್ಕೋರಿ ಅತ್ತಿ. ಯಂತ್ರ ಒಳಗ ಬಿಡವಲ್ದು.”

ಗುರುಸಿದ್ಧವ್ವ ಹಿಟ್ಟಿನ ಡಬ್ಬಿಯ ಮುಚ್ಚಳ ತೆರೆದು ನೋಡಿ ಮುಚ್ಚಿದಳು. ಬೇಡ ಎಂದು ಮಾತ್ರ ಹೇಳಲಿಲ್ಲ.

ಭಾನುವಾರ ಬೆಳಿಗ್ಗೆ ಸುವರ್ಣಾ ಸುಧನ್ವನಿಗೆ ಒಡಪು ಎಂದರೇನು ಎಂದು ಹೇಳಿಕೊಡಬೇಕಾಯಿತು. ಅವನು ಗಮನವಿಟ್ಟು ಕೇಳಿದ. ಅವನ ತಕರಾರು ನ್ಯಾಯವಾಗಿತ್ತು: ಜರಡಿಗೆ ಬೇಕಾದದ್ದು ಹೆಸರು, ಪದ್ಯವಲ್ಲ. ಪದ್ಯದಿಂದ ತಪ್ಪು ಹೆಸರು ಎತ್ತಿಕೊಂಡರೆ ಒಂದು ಗುಂಪು ಹೋಗಿ ನೂರು ಗುಂಪಾಗುತ್ತವೆ.

“ಒಂದು ಕರೆ ನೋಡೋಣ. ಕೆಟ್ಟರೆ ಅಲ್ಲಿಗೇ ನಿಲ್ಲಿಸೋಣ,” ಎಂದ.

ಬೀಗ ಬಿದ್ದ ಯಂತ್ರಗಳೆಲ್ಲ ತಮ್ಮ ಸಣ್ಣ ಸ್ಪೀಕರುಗಳಲ್ಲಿ ‘ಒಡಪು ಹಾಕಿ ಯಜಮಾನರ ಹೆಸರು ಹೇಳಿ’ ಎಂದು ಕೇಳಿದವು. ಗೋಪನಕೊಪ್ಪದಿಂದ ಮೊದಲ ದನಿ ಬಂತು. ನಡುವಯಸ್ಸಿನ ಹೆಂಗಸು, ನಾಚಿಕೆಯಿಂದ ಅರ್ಧ ನುಂಗಿದ ಮಾತು:

“ಧಾರವಾಡಕ್ಕ ಹೋದ್ರ ಪೇಡೆ ತರ್ತಾರ, ಗೋಕಾಕಕ್ಕ ಹೋದ್ರ ಕರದಂಟು,
ಮಲ್ಲೇಶಪ್ಪನವರ ಕೂಡ ನಂದು ಏಳೇಳು ಜನ್ಮದ ನಂಟು.”

ಜರಡಿ ಎರಡು ಗಳಿಗೆ ಯೋಚಿಸಿತು. ಪರದೆಯ ಮೇಲೆ ಮೂಡಿತು: ಗಿರಾಕಿಯ ಹೆಸರು ಕರದಂಟು, ಊರು ಗೋಕಾಕ.

“ಮತದಾರರ ಪಟ್ಟಿಯಲ್ಲಿ ಕರದಂಟು ಅನ್ನೋರು ಸಿಗ್ತಿಲ್ಲವಂತೆ,” ಎಂದ ಸುಧನ್ವ.

“ಸಿಕ್ಕಿದ್ರ ತಿಂದಬಿಡತಿದ್ವಿ ಸರ. ಸ್ವಲ್ಪ ತಡೀರಿ.”

ಒಡಪಿನಲ್ಲಿ ಹೆಸರು ಬರುವ ಜಾಗ ಹೆಚ್ಚುಕಡಿಮೆ ಗೊತ್ತುಮಾಡಿದಂತೆ ಇರುತ್ತದೆ. ಮೊದಲ ಸಾಲು ಬರೀ ಪ್ರಾಸಕ್ಕೆ. ಎರಡನೆಯ ಸಾಲಿನ ಆರಂಭದಲ್ಲಿ, ಕೊನೆಗೆ ‘ಅವರು’ ಅಂಟಿಕೊಂಡು ಹೆಸರು ಬರುತ್ತದೆ. ಊರು, ತಿಂಡಿ, ದೇವರು, ದಾಗೀನು ಇವಕ್ಕೆ ಆ ಬಾಲ ಇರುವುದಿಲ್ಲ. ಸುವರ್ಣಾ ಜರಡಿಗೆ ಅಷ್ಟನ್ನೇ ಕಲಿಸಿದಳು. ದಾಖಲೆ ಮುಟ್ಟಲಿಲ್ಲ, ಕೇಳುವ ರೀತಿಯನ್ನು ಮಾತ್ರ ತಿದ್ದಿದಳು. ಅದಕ್ಕೆ ಕಾನೂನಿನ ಅಡ್ಡಿ ಇರಲಿಲ್ಲ. ಅದೇ ಒಡಪನ್ನು ಮತ್ತೆ ಹಾಕಿದಾಗ ಜರಡಿ ಮಲ್ಲೇಶಪ್ಪನನ್ನು ಸರಿಯಾಗಿ ಎತ್ತಿಕೊಂಡಿತು. ಗೋಪನಕೊಪ್ಪದ ಒಂದು ಮನೆಯ ಬೀಗ ತೆರೆಯಿತು.

ಆಮೇಲೆ ತಡೆಯುವವರಿಲ್ಲ. ಒಬ್ಬಳ ಯಂತ್ರ ತೆರೆದದ್ದನ್ನು ಕಂಡು ಪಕ್ಕದ ಮನೆಯವಳು ಶುರುಮಾಡಿದಳು. ಓಣಿಗಳಲ್ಲಿ ಹೆಂಗಸರು ಗುಂಪು ಕಟ್ಟಿಕೊಂಡು ಒಬ್ಬೊಬ್ಬರ ಅಡುಗೆಮನೆಗೆ ಹೋಗಿ ಹೇಳಿಸಿದರು. ಒಂದು ಒಡಪು ಸಾಕೆಂದರೂ ನಾಲ್ಕು ಹೇಳಿದವರಿದ್ದರು. ಮೊದಲಿನದು ಚೆನ್ನಾಗಿ ಬರಲಿಲ್ಲ, ಅದನ್ನು ಅಳಿಸಿ ಇದನ್ನು ಇಟ್ಟುಕೊಳ್ಳಿ ಎಂದವಳೂ ಒಬ್ಬಳಿದ್ದಳು. ಗಂಡ ತೀರಿಕೊಂಡ ಕೆಲವರು ಒಡಪಿನ ಗೊಡವೆಗೆ ಹೋಗದೆ ಹೆಸರನ್ನು ನೇರವಾಗಿ ಹೇಳಿದರು. ಮಧ್ಯಾಹ್ನದ ಹೊತ್ತಿಗೆ ದನಿಗಳಲ್ಲಿ ನಾಚಿಕೆ ಹೋಗಿ ಪೋಕರಿತನ ಬಂದಿತ್ತು. ಉಣಕಲ್ಲಿನಿಂದ ಒಬ್ಬಳು ತಡವರಿಸದೆ ಹೇಳಿದಳು:

“ಗ್ವಾಡಿ ಮ್ಯಾಲ ಗಡಿಯಾರ, ಗಡಿಯಾರದಾಗ ಮುಳ್ಳು,
ಬಸಲಿಂಗಪ್ಪನವರು ಹೇಳೂದು ಅರ್ಧಕ್ಕರ್ಧ ಸುಳ್ಳು.”

ಹಿಂದಿನಿಂದ ಗಂಡಸೊಬ್ಬನ ಕೂಗು ಕೇಳಿತು, “ಏನಂದಿ?” ಜರಡಿ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ಅವನ ದನಿ ದಾಖಲೆಯಲ್ಲಿ ಇರಲಿಲ್ಲ.

ಸುಧನ್ವ ಊಟಕ್ಕೂ ಏಳಲಿಲ್ಲ. “ನಮ್ಮಮ್ಮನೂ ‘ನಮ್ಮನೆಯವರು’ ಅಂತಾನೇ ಅನ್ನೋದು, ನಿನ್ನೆ ನನಗೆ ಹೊಳೀಲೇ ಇಲ್ಲ. ಆದ್ರೆ ಈ ಥರ ಬೈಯೋಕೆ ಅವಳಿಗೆ ದಾರಿ ಇರಲಿಲ್ಲ ಪಾಪ,” ಎಂದ.

ಹೊರಬರಲು ಒಪ್ಪದವರೂ ಇದ್ದರು. ರೊಟ್ಟಿ ಯಂತ್ರವಿಲ್ಲದೆ ಬರೀ ಮಿಕ್ಸರ್, ಫ್ರಿಜ್ಜು ಇದ್ದ ಮನೆಗಳಿಗೆ ಬೀಗ ಬಿದ್ದಿರಲಿಲ್ಲ. ನಿಮ್ಮ ದಾಖಲೆ ಬೇರೆ ಮಾಡೋಣವೇ ಎಂದು ಸುವರ್ಣಾ ತಾನೇ ಫೋನ್ ಮಾಡಿ ಕೇಳಿದಾಗ ನವನಗರದ ಒಬ್ಬಾಕೆ ಹೇಳಿದಳು, “ಇರಲಿ ಬಿಡ್ರಿ ಅಕ್ಕಾರ. ಶುಕ್ರವಾರದಿಂದ ನಿಮ್ಮ ಕಂಪನಿಯವ್ರು ಅದು ತಗೋರಿ ಇದು ತಗೋರಿ ಅಂತ ಒಂದ ಫೋನ್ ಮಾಡಿಲ್ಲ. ಆರಾಮ ಐತಿ.” ನೆರಳು ಎಲ್ಲದಕ್ಕೂ ಕೇಳಿ ಹೇಳ್ತೇನಿ ಎನ್ನುತ್ತಿದ್ದುದರಿಂದ ಮಾರಾಟ ವಿಭಾಗ ಆ ಗಿರಾಕಿಯ ಆಸೆ ಬಿಟ್ಟಿತ್ತು. ಸುವರ್ಣಾ ಅಂಥವರನ್ನು ಗುಂಪಿನಲ್ಲೇ ಬಿಟ್ಟಳು. ಮಾರುವವರಿಂದ ತಪ್ಪಿಸಿಕೊಳ್ಳಲು ಅದೂ ಒಂದು ವಿಳಾಸವೇ.

ಮೂರೂವರೆ ಹೊತ್ತಿಗೆ ಮುಕ್ಕಾಲು ಊರು ಬಿಡಿಸಿಕೊಂಡಿತ್ತು. ತೆರೆದ ಬೀಗಗಳಲ್ಲಿ ಸುವರ್ಣಾ ತನ್ನ ಮನೆಯದನ್ನು ಹುಡುಕಿದಳು. ಇರಲಿಲ್ಲ. ಫೋನ್ ಮಾಡಿದರೆ ಅತ್ತೆ ಎತ್ತಲಿಲ್ಲ. ಸೋಮವಾರ ಬೆಳಕು ಹರಿಯುವ ಮೊದಲೇ ಹಿಟ್ಟು ಕಲಸಬೇಕು. ಆಟೋ ಹಿಡಿದು ಹೊರಟಳು.

ಮನೆಯ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಓಣಿಯ ಹೆಂಗಸರು ಗೋಡೆಗೆ ಒರಗಿ ಕೂತು ಚಹಾ ಕುಡಿಯುತ್ತಿದ್ದರು. ಎಲ್ಲರ ಯಂತ್ರಗಳೂ ಶುರುವಾಗಿದ್ದವು. ಈಗ ಅವರು ಗುರುಸಿದ್ಧವ್ವನದನ್ನು ನೋಡಲು ಬಂದಿದ್ದರು. ಯಂತ್ರದ ಎದುರಿಗೆ ಫಕೀರಪ್ಪ ಕುರ್ಚಿ ಹಾಕಿಕೊಂಡು ಕೂತಿದ್ದ. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ.

“ಏನಾತ್ರಿ ಅತ್ತಿ? ಯಾಕ ಇನ್ನ ಹೇಳಿಲ್ಲ?”

“ಹೆಂಗ ಹೇಳ್ಲಿ? ಎದುರಿಗೆ ಬಂದು ಕುಂತಾರ ನೋಡು, ನಾಟಕ ನೋಡಾಕ ಬಂದಾವ್ರಂಗ. ಹೊರಗ ಹೋಗ್ರಿ ಅಂದ್ರ ಹೋಗವಲ್ರು.”

“ನನ್ನ ಹೆಸರು, ನಾ ಯಾಕ ಹೊರಗ ಹೋಗ್ಲಿ?” ಎಂದ ಫಕೀರಪ್ಪ. “ಮದಿವ್ಯಾಗ ವಾಲಗದವ್ರು ಊದೂ ಗದ್ದಲದಾಗ ನನಗ ಕೇಳಿಲ್ಲ. ಈ ಸಲ ಕೇಳೇ ಏಳಾಂವ.”

“ಮಾವಾರ, ನಾಳೆ ಹಾಸ್ಟೆಲ್ ಐತ್ರಿ.”

“ಐತಿ ಅಂತನ ಕುಂತೇನಿ. ಇವತ್ತ ಹೇಳದ ಗತಿ ಇಲ್ಲ ಆಕಿಗೆ.”

ಹೆಂಗಸರು ಹೋ ಎಂದರು. ಗುರುಸಿದ್ಧವ್ವ ಗಂಡನನ್ನು ಒಮ್ಮೆ ದುರುಗುಟ್ಟಿ ನೋಡಿದಳು. ಮೂಲೆಯಲ್ಲಿ ಹಿಟ್ಟಿನ ಡಬ್ಬಿಗಳು ತುಂಬಿ ನಿಂತಿದ್ದವು. ವಾರ್ಡನ್ ಬೆಳಿಗ್ಗೆಯೇ ಫೋನ್ ಮಾಡಿ ನಾಳೆ ಬರುತ್ತದಲ್ಲ ಎಂದು ಕೇಳಿದ್ದಳು, ಇವಳು ಬರುತ್ತದೆ ಎಂದುಬಿಟ್ಟಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಯಂತ್ರದ ಹತ್ತಿರ ಬಗ್ಗಿದಳು. ಮೊದಲು ಒಂದು ಸಲ ಬಾಯಿ ತೆರೆದು ಮುಚ್ಚಿದಳು. ಗಂಡನ ಇಸ್ತ್ರಿ ಅಂಗಿ ಇನ್ನೊಮ್ಮೆ ಕಣ್ಣಿಗೆ ಬಿತ್ತೇನೋ, ಆಮೇಲೆ ದನಿ ಗಟ್ಟಿಯಾಗಿಯೇ ಬಂತು:

“ಜ್ವಾಳದ ಹಿಟ್ಟಿಗೆ ಕುದಿಯೋ ನೀರು, ಬದನಿಕಾಯಿಗೆ ಎಣ್ಣಿ,
ಫಕೀರಪ್ಪನವರು ಮನ್ಯಾಗಿದ್ರ ಖಾಲಿ ಆಗತೈತಿ ಬೆಣ್ಣಿ!”

ಯಂತ್ರದ ಕೆಂಪು ದೀಪ ಹಸಿರಾಯಿತು. ತಟ್ಟೆ ಒಂದು ಸುತ್ತು ತಿರುಗಿ ನಿಂತು ಹಿಟ್ಟಿಗಾಗಿ ಬಾಯಿ ತೆರೆಯಿತು. ಹೆಂಗಸರು ನಕ್ಕ ಭರಕ್ಕೆ ಒಬ್ಬಳ ಚಹಾ ಚೆಲ್ಲಿತು. ಫಕೀರಪ್ಪ ಮಾತ್ರ ಗಂಭೀರವಾಗಿ ಕೂತಿದ್ದ.

ಸೋಮವಾರ ಬೆಳಿಗ್ಗೆ ಹಾಸ್ಟೆಲ್ಲಿನ ರೊಟ್ಟಿ ಹೊತ್ತಿಗೆ ಸರಿಯಾಗಿ ಹೋಯಿತು. ಹುಡುಗಿಯರು ತಿಂದು ಮುಗಿಸಿದ ಮೇಲೆ ವಾರ್ಡನ್ ಫೋನ್ ಮಾಡಿ ನಾಳೆಗೆ ಇನ್ನಷ್ಟು ಸೇರಿಸಿ ಎಂದಳು. ಗುರುಸಿದ್ಧವ್ವ ಆಯಿತು ಎಂದಳು. ಯಾರನ್ನೂ ಕೇಳಿ ಹೇಳುತ್ತೇನೆ ಎನ್ನಲಿಲ್ಲ. ನಿಯಂತ್ರಣ ಕೊಠಡಿಯಲ್ಲಿ ಸುಧನ್ವ ಮೇಲಿನವರಿಗೆ ವರದಿ ಬರೆದ. ಹುಬ್ಬಳ್ಳಿ ವಿಭಾಗದ ದಾಖಲೆ ಇಷ್ಟು ಸ್ವಚ್ಛವಾಗಿ ಎಂದೂ ಇರಲಿಲ್ಲ, ‘ನಮ್ಮನಿಯವರು’ ಎಂಬ ಒಬ್ಬ ಗಿರಾಕಿಯನ್ನು ಅದರಲ್ಲಿ ಉಳಿದವರ ಇಷ್ಟದಂತೆ ಹಾಗೆಯೇ ಇಡಲಾಗಿದೆ ಎಂದು ಬರೆದು, ಸುವರ್ಣಾಳ ಹೆಸರನ್ನೂ ಸೇರಿಸಿದ.

ಅವಳು ಸಂಜೆ ಮನೆಗೆ ಬಂದಾಗ ಫಕೀರಪ್ಪನ ಹೊಸ ನೆರಳಿನ ಹೆಸರಿಗೆ ಕಂಪನಿಯಿಂದ ಮೊದಲ ಜಾಹೀರಾತು ಬಂದಿತ್ತು: ಬೆಣ್ಣೆ ಕಡೆಯುವ ಯಂತ್ರ, ಬೆಣ್ಣೆಪ್ರಿಯರಿಗೆ ರಿಯಾಯಿತಿ. ಆ ನೆರಳಿಗೆ ಅವನ ಬಗ್ಗೆ ಗೊತ್ತಿದ್ದದ್ದು ಸದ್ಯಕ್ಕೆ ಅದೊಂದೇ.

“ನೋಡು, ಊರ ತುಂಬ ನನ್ನ ಬೆಣ್ಣಿ ಮಾಡಿದಿ,” ಎಂದ ಫಕೀರಪ್ಪ. ಗುರುಸಿದ್ಧವ್ವ ನಾಳೆಯ ಹಿಟ್ಟು ಸಾಣಿಸುತ್ತಿದ್ದಳು. ಅವನು ಸ್ವಲ್ಪ ಹೊತ್ತು ಅಲ್ಲೇ ಸುಳಿದಾಡಿದ. “ಅದನ್ನ ಇನ್ನೊಂದ ಸಲ ಹೇಳು. ನಿನ್ನೆ ಇವ್ರು ನಗೂದರಾಗ ಸರಿ ಕೇಳ್ಲಿಲ್ಲ.”

“ಯಂತ್ರ ಮತ್ತ ಬಂದ್ ಬೀಳಲಿ, ಹೇಳ್ತೇನಿ.”

ಫಕೀರಪ್ಪ ಗೋಡೆಯ ಕಡೆ ನೋಡಿದ. ಅಲ್ಲಿಂದ ಮೆಲ್ಲಗೆ ಸರಿದು ಹೋಗಿ ಯಂತ್ರದ ಪ್ಲಗ್ಗಿನ ಹತ್ತಿರ ನಿಂತ.

“ಕೈ ಹಚ್ಚೀರಿ ನೋಡ್ರಿ ಮತ್ತ!” ಎಂದಳು ಗುರುಸಿದ್ಧವ್ವ, ಸಾಣಿಗೆಯಿಂದ ತಲೆ ಎತ್ತದೆ.